ಅಮ್ಮನ ಗುಳಿಗೆ ಯಾಕೆ ಕೆಲಸ ಮಾಡಲಿಲ್ಲ?

ಅಮ್ಮನಿಗೆ ದಮ್ಮು ಶುರುವಾಗಿದ್ದು ಅವಳಿಗೆ ನಲವತ್ತು ದಾಟಿದ ಮೇಲೆ. ಅಸ್ತಮಾ ಅನ್ನುವ ಶಬ್ದ ನಮ್ಮ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಡಾಕ್ಟರ ಚೀಟಿಯಲ್ಲಿ ಮಾತ್ರ ಅದು ಇರುತ್ತಿತ್ತು. ಮನೆಯಲ್ಲಿ ಅದು ದಮ್ಮು, ಅಜ್ಜಿಯ ಬಾಯಲ್ಲಿ ಗೂರಲು. ಮಳೆಗಾಲದ ಬೆಳಗಿನ ಜಾವ ನಾಲ್ಕು ಗಂಟೆಗೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ ಉಸಿರು ಎಳೆಯುತ್ತಿದ್ದ ಅವಳ ಸದ್ದಿಗೆ ನಮಗೆಲ್ಲ ಎಚ್ಚರವಾಗುತ್ತಿತ್ತು.

ಆಮೇಲೆ ಬಂದಿದ್ದು ಬಿಳಿ ಗುಳಿಗೆ. ಪ್ರೆಡ್ನಿಸೊಲೋನ್. ಮೊದಮೊದಲು ವಾರಕ್ಕೆ ಅಂತ ಕೊಟ್ಟಿದ್ದು ತಿಂಗಳಾಯಿತು, ತಿಂಗಳು ವರ್ಷವಾಯಿತು. ಅಮ್ಮನ ಮುಖ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಾಯಿತು, ಕೈಯ ಚರ್ಮ ಕಾಗದದಷ್ಟು ತೆಳುವಾಗಿ ಬಳೆ ತಾಗಿದರೂ ನೀಲಿಗಟ್ಟುತ್ತಿತ್ತು, ಸಕ್ಕರೆ ಕಾಯಿಲೆ ಬಂತು. ದಮ್ಮು ಮಾತ್ರ ಇದ್ದಲ್ಲೇ ಇತ್ತು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧಿಯೂ ಆಯಿತು. ಅಮ್ಮ ಮೀನು ಮುಟ್ಟುವವಳಲ್ಲ, ಅಂಥವರಿಗೆ ಬೆಲ್ಲದಲ್ಲಿಟ್ಟು ಕೊಡುತ್ತಾರೆ. ಬೆಲ್ಲ ತಿಂದು, ರೈಲಿನಲ್ಲಿ ಏದುಸಿರು ಬಿಡುತ್ತಲೇ ವಾಪಸ್ಸು ಬಂದಳು.

2003ರಲ್ಲಿ ರಜೆಗೆ ಊರಿಗೆ ಹೋದಾಗ ಅವಳನ್ನು ಪೇಟೆಯ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ಚೀಟಿ ನೋಡಿ, ಅವಳನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಇಷ್ಟು ಡೋಸಿಗೆ ಕಡಿಮೆ ಆಗಲೇಬೇಕು. ನಿಮ್ಮ ತಾಯಿ ಸರಿಯಾಗಿ ತಗೊಳ್ತಾ ಇಲ್ಲ" ಎಂದರು. ನಾನು ನಂಬಿದೆ. ಅವತ್ತಿನಿಂದ ಅಮ್ಮನಿಗೆ ಗೊತ್ತಾಗದ ಹಾಗೆ ದಿನಾ ರಾತ್ರಿ ಅವಳ ಬೌರ್ನ್‌ವಿಟಾ ಡಬ್ಬಿ ತೆಗೆದು ಗುಳಿಗೆ ಎಣಿಸತೊಡಗಿದೆ. ಒಂದು ಚೀಟಿಯಲ್ಲಿ ತಾರೀಖು, ಮುಂದೆ ಲೆಕ್ಕ. ಹದಿನಾರು ದಿನ ಎಣಿಸಿದೆ. ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಆಗಲೂ ನನಗೆ ಅನುಮಾನ ಹೋಗಲಿಲ್ಲ ಅನ್ನುವುದೇ ನಾಚಿಕೆಯ ವಿಷಯ. ಡಬ್ಬಿಯಿಂದ ತೆಗೆದು ಹಿತ್ತಿಲಿಗೆ ಎಸೆಯುತ್ತಾಳೇನೋ ಅಂದುಕೊಂಡೆ!

ಆ ಗುಳಿಗೆಯ ಚರಿತ್ರೆ ಹುಡುಕುತ್ತ ಹೊರಟಿದ್ದು ಆಮೇಲೆ, ಬಹಳ ವರ್ಷ ಕಳೆದು. ನಾನು ಡಾಕ್ಟರಲ್ಲ. ಆದರೆ ಓದುತ್ತಾ ಹೋದಂತೆ ಒಂದು ಸಂಗತಿ ಕಂಡಿತು. ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ನಾನು ಹುಟ್ಟುವ ಮೊದಲೇ, 1958ರಲ್ಲೇ, ಅಚ್ಚಾಗಿ ಬಿದ್ದಿತ್ತು. ಅದರ ಕತೆ ಹೇಳುತ್ತೇನೆ.

ಸ್ಟೆರಾಯ್ಡಿನ ಕತೆ ಅಸ್ತಮಾದಿಂದ ಶುರುವಾಗುವುದಿಲ್ಲ, ಕೀಲುವಾತದಿಂದ ಶುರುವಾಗುತ್ತದೆ. ಅಮೆರಿಕದ ಮಿನ್ನೆಸೋಟಾದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞ ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಒಂದೊಂದೇ ವಸ್ತು ಬೇರ್ಪಡಿಸಿ ಎ, ಬಿ, ಸಿ ಎಂದು ಹೆಸರಿಡುತ್ತಿದ್ದ. ಅದರಲ್ಲಿ 'ಇ' ಎಂಬುದನ್ನು ಮರ್ಕ್ ಕಂಪನಿಯವರು ಎತ್ತಿನ ಪಿತ್ತದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಿಸುವುದನ್ನು ಕಲಿತರು. 1948ರ ಸೆಪ್ಟೆಂಬರಿನಲ್ಲಿ ಫಿಲಿಪ್ ಹೆಂಚ್ ಅದನ್ನು ಕೀಲುಗಳು ಮರಗಟ್ಟಿ ಹಾಸಿಗೆ ಹಿಡಿದಿದ್ದ 29 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಮೂವರಿಗೂ ನೊಬೆಲ್. ಎರಡೇ ವರ್ಷ! ಇಷ್ಟು ಬೇಗ ನೊಬೆಲ್ ಬಂದ ಔಷಧಿ ಕಡಿಮೆ. ಅದರ ಹೆಸರು ಕಾರ್ಟಿಸೋನ್.

ಕೀಲಿನ ಉರಿಯೂತಕ್ಕೆ ಹಿಡಿಸಿದ್ದು ಶ್ವಾಸನಾಳದ ಉರಿಯೂತಕ್ಕೂ ಹಿಡಿಸಬೇಕಲ್ಲ ಎಂದು 1949–50ರಲ್ಲೇ ಅಮೆರಿಕದ ಆಸ್ಪತ್ರೆಗಳಲ್ಲಿ ಅಸ್ತಮಾ ರೋಗಿಗಳಿಗೆ ಕೊಟ್ಟು ನೋಡಿದರು. ಹಲವರಿಗೆ ಪವಾಡದಂತೆ ಗುಣ ಕಂಡಿತು. ಬೆಲೆ ಮಾತ್ರ ಕೈಗೆಟುಕುವಂತಿರಲಿಲ್ಲ, ಬ್ರಿಟನ್ನಿನಲ್ಲಂತೂ ಯುದ್ಧ ಮುಗಿದು ದೇಶವೇ ಬರಿಗೈಯಾಗಿತ್ತು. ದುಬಾರಿ ಔಷಧಿಯನ್ನು ಕೊಡುವ ಮೊದಲು ಅದು ನಿಜಕ್ಕೂ ಕೆಲಸ ಮಾಡುತ್ತದಾ ಎಂದು ನೋಡಬೇಕಿತ್ತು.

ಹಾಗೆ ನೋಡುವುದರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ಲಿಗೆ ಆಗ ಜಗತ್ತಿನಲ್ಲೇ ದೊಡ್ಡ ಹೆಸರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಂದು 1948ರಲ್ಲಿ ತೋರಿಸಿದ್ದು ಅವರೇ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸುವ ಪದ್ಧತಿಯೇ ಇವತ್ತು ಬಹುತೇಕ ಹೊಸ ಔಷಧಿಗಳಿಗೆ ಒರೆಗಲ್ಲು. ಅದಕ್ಕೆ ದಾರಿ ಹಾಕಿಕೊಟ್ಟವರ ಮಾತು ಎಂದ ಮೇಲೆ ಅದಕ್ಕೆ ತೂಕ ಇತ್ತು. ಅವರು ಅಸ್ತಮಾಕ್ಕೂ ಕಾರ್ಟಿಸೋನ್ ಪರೀಕ್ಷೆ ಮಾಡಿ 1956ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ವರದಿ ಪ್ರಕಟಿಸಿದರು. ಜೀವಕ್ಕೆ ಅಪಾಯ ತರುವ ತೀವ್ರ ಉಬ್ಬಸಕ್ಕೆ ಕಾರ್ಟಿಸೋನ್ ಒಳ್ಳೆಯದು ಎಂದಿತು ಒಂದು ವರದಿ. ವರ್ಷಗಟ್ಟಲೆ ಇರುವ ದೀರ್ಘಕಾಲದ ಅಸ್ತಮಾಕ್ಕೆ ಅದು ಕೊನೆಯವರೆಗೂ ಉಳಿಯುವಂಥ ಲಾಭವನ್ನೇನೂ ಕೊಡಲಿಲ್ಲ ಎಂದಿತು ಇನ್ನೊಂದು.

ಕೈಯಲ್ಲಿ ರೋಗಿಗಳು ಎದ್ದು ಕೂತಿದ್ದನ್ನು ನೋಡಿದ ಡಾಕ್ಟರುಗಳಿಗೆ ಇದು ಅರ್ಥವಾಗಲಿಲ್ಲ. ಲೆಕ್ಕ ಸುಳ್ಳು ಹೇಳುತ್ತಿದೆಯೋ, ಕಣ್ಣು ಸುಳ್ಳು ಹೇಳುತ್ತಿದೆಯೋ?

ಎರಡೂ ಸುಳ್ಳಲ್ಲ ಎಂದು ತೋರಿಸಿದವನು ಇಂಗ್ಲೆಂಡಿನ ಡರ್ಬಿ ಎಂಬ ಊರಿನ ಎದೆರೋಗದ ಡಾಕ್ಟರು, ಹ್ಯಾರಿ ಮಾರೋ ಬ್ರೌನ್. ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರೇನೂ ಅಲ್ಲ. ಅವನು ಮಾಡಿದ್ದು ಬಹಳ ಸಾದಾ ಕೆಲಸ. ರೋಗಿ ಉಗುಳಿದ ಕಫವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಫ ನೋಡುವುದು ಅವನ ಹೊಸ ವಿದ್ಯೆಯಲ್ಲ. 1872ರಲ್ಲೇ ಜರ್ಮನಿಯ ಲೈಡನ್ ಉಬ್ಬಸದವರ ಕಫದಲ್ಲಿ ಸೂಜಿಯಂತಹ ಹರಳುಗಳನ್ನು ಕಂಡಿದ್ದ. 1879ರಲ್ಲಿ ಪೌಲ್ ಎರ್ಲಿಕ್ ರಕ್ತದ ಬಿಳಿ ಕಣಗಳಿಗೆ ಬಣ್ಣ ಹಾಕಿ ನೋಡುವಾಗ ಕೆಲವು ಕಣಗಳು ಇಯೊಸಿನ್ ಎಂಬ ಬಣ್ಣವನ್ನು ಆಸೆಬುರುಕರಂತೆ ಹೀರಿ ಕೆಂಪಗೆ ಹೊಳೆದವು. ಆ ಕಣಗಳಿಗೆ ಇಯೊಸಿನೊಫಿಲ್ ಎಂದು ಹೆಸರಿಟ್ಟ. ಇಯೊಸ್ ಎಂದರೆ ಗ್ರೀಕರ ಅರುಣೋದಯದ ದೇವತೆ. ಭಾಷಾಶಾಸ್ತ್ರದವರು ಅವಳೂ ನಮ್ಮ ವೇದದ ಉಷಸ್ಸೂ ಒಂದೇ ಬೇರಿನ ಶಬ್ದ ಎನ್ನುತ್ತಾರೆ. ಬೆಳಗಿನ ಜಾವಕ್ಕೆ ಹೆಚ್ಚಾಗುವ ಕಾಯಿಲೆಯ ಕಣಕ್ಕೆ ಉಷೆಯ ಹೆಸರು! ಕಾಕತಾಳೀಯ ಅಷ್ಟೇ, ಆದರೂ ಓದಿದಾಗ ಹೊಸ್ತಿಲ ಮೇಲೆ ಕೂತ ಅಮ್ಮ ನೆನಪಾದಳು. ಲೈಡನ್ ಕಂಡ ಹರಳುಗಳು ಈ ಇಯೊಸಿನೊಫಿಲ್ ಒಡೆದಾಗ ಉಳಿಯುವ ಪ್ರೋಟೀನು ಎಂದು ಗೊತ್ತಾಗಿದ್ದು ಬಹಳ ತಡವಾಗಿ.

ಮಾರೋ ಬ್ರೌನ್ ಪ್ರೆಡ್ನಿಸೊಲೋನ್ ಕೊಡುವ ಮೊದಲು ಪ್ರತಿ ರೋಗಿಯ ಕಫವನ್ನೂ ನೋಡಿದ. ಯಾರ ಕಫದಲ್ಲಿ ಇಯೊಸಿನೊಫಿಲ್ ತುಂಬಿತ್ತೋ ಅವರಿಗೆ ಗುಳಿಗೆ ಚೆನ್ನಾಗಿ ಹಿಡಿಸಿತು. ಯಾರ ಕಫದಲ್ಲಿ ಇರಲಿಲ್ಲವೋ ಅವರಿಗೆ ಹಿಡಿಸಲಿಲ್ಲ. 1958ರಲ್ಲಿ ಅದೇ ಲ್ಯಾನ್ಸೆಟ್ಟಿನಲ್ಲಿ ಇದನ್ನು ಬರೆದ. ಎರಡು ವರ್ಷ ಹಿಂದಿನ ದೊಡ್ಡ ಪರೀಕ್ಷೆಯ ಗೋಜಲು ಇದರಿಂದ ಬಿಡಿಸಿಕೊಳ್ಳುತ್ತದೆ. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸರಾಸರಿ ಎರಡೂ ಊರಿನಲ್ಲಿ ಬೀಳದ ಮಳೆ. ಹಾಗೇ, ಹಿಡಿಸುವವರನ್ನೂ ಹಿಡಿಸದವರನ್ನೂ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದರೆ "ಅಷ್ಟೇನೂ ಲಾಭವಿಲ್ಲ" ಎಂದೇ ಬರುತ್ತದೆ.

ಇಷ್ಟು ಸ್ಪಷ್ಟವಾದ ವಿಷಯ ಆಮೇಲೆ ಏನಾಯಿತು? ಹೆಚ್ಚುಕಮ್ಮಿ ಏನೂ ಆಗಲಿಲ್ಲ. ಮಾರೋ ಬ್ರೌನ್ ಮಾತ್ರ ಬಿಡಲಿಲ್ಲ. 1972ರಲ್ಲಿ ಬೆಕ್ಲೋಮೆಥಸೋನ್ ಎಂಬ ಸ್ಟೆರಾಯ್ಡನ್ನು ನೇರ ಬಾಯಿಗೆ ಎಳೆದುಕೊಳ್ಳುವ ಪಂಪಿನ ರೂಪದಲ್ಲಿ ರೋಗಿಗಳಿಗೆ ಕೊಟ್ಟು ಫಲಿತಾಂಶ ಬರೆದವನೂ ಇವನೇ. ಇವತ್ತು ಕೋಟಿಗಟ್ಟಲೆ ಜನ ಬಳಸುವ ಸ್ಟೆರಾಯ್ಡ್ ಇನ್‌ಹೇಲರುಗಳ ಮೊದಲನೆಯದು ಅದು. ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಡೋಸು ಮೈಕ್ರೊಗ್ರಾಮಿನಲ್ಲಿ, ಗುಳಿಗೆಯಂತೆ ಮಿಲಿಗ್ರಾಮಿನಲ್ಲಲ್ಲ. ಇನ್‌ಹೇಲರ್ ಎಷ್ಟು ಸುರಕ್ಷಿತವಾಯಿತೆಂದರೆ, ಮೊದಲು ಕಫ ನೋಡಿ ಆಮೇಲೆ ಕೊಡಬೇಕು ಅನ್ನುವ ತಲೆನೋವೇ ಯಾರಿಗೂ ಬೇಡವಾಯಿತು. ಎಲ್ಲರಿಗೂ ಕೊಡು, ಬಹಳ ಜನಕ್ಕೆ ಹಿಡಿಸುತ್ತದೆ. ಹಿಡಿಸದವರಿಗೆ ಡೋಸು ಹೆಚ್ಚಿಸು, ಅದಕ್ಕೂ ಹಿಡಿಸದಿದ್ದರೆ ಗುಳಿಗೆ. ಅಮ್ಮ ಹತ್ತಿದ್ದು ಇದೇ ಮೆಟ್ಟಿಲನ್ನು. ಜೊತೆಗೆ, ಕಫ ಎಂದರೆ ಪ್ರಯೋಗಶಾಲೆಯವರಿಗೂ ಅಸಹ್ಯ ಅನ್ನುವುದೂ ಒಂದು ಕಾರಣ ಇರಬೇಕು ಅನ್ನಿಸುತ್ತದೆ. ರಕ್ತಕ್ಕೆ ಇರುವ ಮರ್ಯಾದೆ ಕಫಕ್ಕಿಲ್ಲ.

ಆದರೆ ಹಿಡಿಸದವರು ಅಲ್ಲಲ್ಲಿ ಕಣ್ಣಿಗೆ ಬೀಳುತ್ತಲೇ ಇದ್ದರು. 1968ರಲ್ಲಿ ಶ್ವಾರ್ಟ್ಸ್ ಮತ್ತು ಸಂಗಡಿಗರು ಅಂಥ ಆರು ಜನ ರೋಗಿಗಳ ಬಗ್ಗೆ ಬರೆದರು, "ಸ್ಟೆರಾಯ್ಡ್ ಪ್ರತಿರೋಧ" ಎಂಬ ಹೆಸರಿಟ್ಟೇ. 1981ರಲ್ಲಿ ಎಡಿನ್‌ಬರೋದ ಡಾಕ್ಟರುಗಳು ಅಂಥ 58 ಜನರನ್ನು ಒಟ್ಟುಹಾಕಿ ನೋಡಿದರು. ಗುಳಿಗೆ ಕೊಟ್ಟ ಮೇಲೂ ಒಂದು ಸೆಕೆಂಡಿನಲ್ಲಿ ಊದಿ ಹೊರಹಾಕುವ ಗಾಳಿ ನೂರಕ್ಕೆ ಹದಿನೈದರಷ್ಟೂ ಹೆಚ್ಚದವರು ಇವರು. ಹಿಡಿಸುವವರಿಗಿಂತ ಇವರಿಗೆ ಅಸ್ತಮಾ ಹೆಚ್ಚು ಕಾಲದಿಂದ ಇತ್ತು, ಮನೆತನದಲ್ಲೂ ಹೆಚ್ಚಾಗಿತ್ತು, ಬೆಳಿಗ್ಗೆ ಹೊತ್ತು ಉಸಿರು ಇನ್ನೂ ಕೆಡುತ್ತಿತ್ತು.

ಇಲ್ಲಿ ಒಂದು ಅಡ್ಡ ಮಾತು. ಹಿಡಿಸದವರೆಲ್ಲ ನಿಜವಾಗಿ ಹಿಡಿಸದವರಲ್ಲ. 1983ರಲ್ಲಿ ಅಮೆರಿಕದ ಡೆನ್ವರಿನ ನ್ಯಾಷನಲ್ ಜ್ಯೂಯಿಷ್ ಆಸ್ಪತ್ರೆಯವರು ಐದು ಜನರ ಕತೆ ಬರೆದರು. ಅವರಿಗೆ ಅಸ್ತಮಾ ಎಂದು ಚಿಕಿತ್ಸೆ ನಡೆದಿತ್ತು, ಆದರೆ ಅವರ ತೊಂದರೆ ಶ್ವಾಸಕೋಶದಲ್ಲಿ ಇರಲೇ ಇಲ್ಲ. ಉಸಿರು ಎಳೆಯುವಾಗ ತೆರೆಯಬೇಕಾದ ಗಂಟಲಿನ ಧ್ವನಿತಂತುಗಳು ಮುಚ್ಚಿಕೊಳ್ಳುತ್ತಿದ್ದವು. ಅಂಥವರಿಗೆ ಎಷ್ಟು ಸ್ಟೆರಾಯ್ಡ್ ಸುರಿದರೇನು? ಇನ್ನು ಔಷಧಿಯನ್ನೇ ತೆಗೆದುಕೊಳ್ಳದವರು. ಬೆಲ್‌ಫಾಸ್ಟಿನಲ್ಲಿ ಕಠಿಣ ಅಸ್ತಮಾದ 182 ಜನರ ಔಷಧಿ ಅಂಗಡಿ ದಾಖಲೆ ನೋಡಿದಾಗ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬರೆದುಕೊಟ್ಟ ಇನ್‌ಹೇಲರಿನಲ್ಲಿ ಅರ್ಧವನ್ನೋ ಅದಕ್ಕಿಂತ ಕಡಿಮೆಯನ್ನೋ ಕೊಂಡಿದ್ದರು ಎಂದು 2009ರಲ್ಲಿ ವರದಿಯಾಯಿತು. ನಮ್ಮ ಪೇಟೆಯ ಡಾಕ್ಟರ ಅನುಮಾನ ಹುಚ್ಚು ಅನುಮಾನವಲ್ಲ, ಅದನ್ನು ಒಪ್ಪಲೇಬೇಕು. ಆದರೆ ಮೂರರಲ್ಲಿ ಒಬ್ಬರು ಹಾಗಿದ್ದರೆ ಉಳಿದ ಇಬ್ಬರು?

ಆ ಉಳಿದವರ ಮೈಯೊಳಗೆ ಏನಾಗುತ್ತಿದೆ ಎಂದು ನೋಡಲು ಮೊದಲು ಸ್ಟೆರಾಯ್ಡ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಿತ್ತು. 1985ರಲ್ಲಿ ಅದರ ಗ್ರಾಹಿಯ ಜೀನು ಕೈಗೆ ಸಿಕ್ಕಿತು. ಸ್ಟೆರಾಯ್ಡ್ ಜೀವಕೋಶದ ಒಳಗೆ ಹೋಗಿ, ಕಾದು ಕೂತಿರುವ ಈ ಗ್ರಾಹಿಗೆ ಬೀಗಕ್ಕೆ ಕೀಲಿಕೈಯಂತೆ ಸೇರಿಕೊಳ್ಳುತ್ತದೆ. ಎರಡೂ ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ಉರಿಯೂತ ಎಬ್ಬಿಸುವ ಜೀನುಗಳ ಬಾಯಿ ಮುಚ್ಚಿಸುತ್ತವೆ. ಸರಿ, ಹಿಡಿಸದವರಲ್ಲಿ ಬೀಗವೇ ಕೆಟ್ಟಿದೆಯೇ?

ಹುಟ್ಟಿನಿಂದಲೇ ಬೀಗ ಕೆಟ್ಟ ಮನೆತನಗಳಿವೆ, 1970ರ ದಶಕದಲ್ಲಿ ಪತ್ತೆಯಾದದ್ದು, ಬಹಳ ಅಪರೂಪ. ಅವರ ಮೈಯಲ್ಲಿ ಎಲ್ಲೆಲ್ಲೂ ಸ್ಟೆರಾಯ್ಡ್ ಕೆಲಸ ಮಾಡುವುದಿಲ್ಲ, ಅದಕ್ಕೇ ಅವರ ಅಡ್ರಿನಲ್ ಗ್ರಂಥಿ ಇನ್ನಷ್ಟು ಮತ್ತಷ್ಟು ಎಂದು ಹಾರ್ಮೋನು ಸುರಿಸುತ್ತಿರುತ್ತದೆ. ಅಸ್ತಮಾದವರು ಹಾಗಲ್ಲ. ಅವರ ಹಾರ್ಮೋನಿನ ಲೆಕ್ಕ ಎಲ್ಲರಂತೆಯೇ ಇರುತ್ತದೆ. ಗುಳಿಗೆಯಿಂದ ಅವರ ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಕೆಲಸ ಆಗಬೇಕಾದ ಜಾಗದಲ್ಲಿ ಮಾತ್ರ ಆಗುವುದಿಲ್ಲ. ಪ್ರತಿರೋಧ ಇಡೀ ಮೈಯದ್ದಲ್ಲ, ಉರಿಯುವ ಜಾಗದ್ದು. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ಅಮ್ಮನ ದುಂಡು ಮುಖವೇ ಅವಳು ಗುಳಿಗೆ ನುಂಗುತ್ತಿದ್ದಾಳೆ ಅನ್ನುವುದಕ್ಕೆ ಸಾಕ್ಷಿಯಾಗಿತ್ತು. ಡಬ್ಬಿ ಎಣಿಸುವ ಅಗತ್ಯವೇ ಇರಲಿಲ್ಲ, ಮುಖ ನೋಡಿದ್ದರೆ ಸಾಕಿತ್ತು.

ಡೆನ್ವರಿನ ಡೊನಾಲ್ಡ್ ಲಿಯುಂಗ್, ಸ್ಟ್ಯಾನ್ಲಿ ಜೆಫ್ಲರ್ ಮತ್ತವರ ಗುಂಪು 1994ರಲ್ಲಿ ಹಿಡಿಸದ 17 ರೋಗಿಗಳ ರಕ್ತದ ಬಿಳಿ ಕಣಗಳನ್ನು ನೋಡಿತು. 15 ಜನರಲ್ಲಿ ಗ್ರಾಹಿಯೇನೋ ಇತ್ತು, ಆದರೆ ಸ್ಟೆರಾಯ್ಡನ್ನು ಸಡಿಲವಾಗಿ ಹಿಡಿಯುತ್ತಿತ್ತು. ಆ ಕಣಗಳನ್ನು ಮೈಯಿಂದ ಹೊರತೆಗೆದು ಎರಡು ದಿನ ಸುಮ್ಮನೆ ಇಟ್ಟರೆ ಹಿಡಿತ ಸರಿಯಾಗುತ್ತಿತ್ತು! ಇಂಟರ್‌ಲ್ಯೂಕಿನ್-2 ಮತ್ತು 4 ಎಂಬ ಉರಿಯೂತದ ಸಂದೇಶವಾಹಕಗಳ ಜೊತೆ ಇಟ್ಟರೆ ಹಿಡಿತ ಸಡಿಲವಾಗಿಯೇ ಉಳಿಯುತ್ತಿತ್ತು. ಅಂದರೆ ಹುಟ್ಟುದೋಷವಲ್ಲ. ಉರಿಯೂತವೇ ತನ್ನನ್ನು ಆರಿಸಲು ಬಂದವರ ಕೈ ಕಟ್ಟುತ್ತಿದೆ, ಬೆಂಕಿ ನೀರಿನ ಪೈಪನ್ನೇ ಸುಟ್ಟ ಹಾಗೆ. ಉಳಿದ ಇಬ್ಬರಲ್ಲಿ ಮಾತ್ರ ಗ್ರಾಹಿಗಳ ಸಂಖ್ಯೆಯೇ ಕಡಿಮೆ, ಅದು ಸರಿಹೋಗಲೂ ಇಲ್ಲ.

ಲಂಡನ್ನಿನ ಪೀಟರ್ ಬಾರ್ನ್ಸ್ ಮತ್ತು ಸಂಗಡಿಗರು ಇನ್ನೊಂದು ಕೊಂಡಿ ತೋರಿಸಿದರು. ಜೀನುಗಳ ಬಾಯಿ ಮುಚ್ಚಿಸಲು ಸ್ಟೆರಾಯ್ಡಿಗೆ ಒಬ್ಬ ಸಹಾಯಕ ಬೇಕು, ಹಿಸ್ಟೋನ್ ಡಿಅಸೆಟಿಲೇಸ್-2 ಎಂಬ ಕಿಣ್ವ. ಡಿಎನ್‌ಎ ಸುತ್ತಿಕೊಂಡ ರಾಟೆಯನ್ನು ಬಿಗಿ ಮಾಡುವುದು ಇದರ ಕೆಲಸ. ಸಿಗರೇಟಿನ ಹೊಗೆ ಈ ಕಿಣ್ವವನ್ನು ಕುಗ್ಗಿಸುತ್ತದೆ. ಇದಕ್ಕೆ ತಕ್ಕ ಹಾಗೆ ಗ್ಲಾಸ್ಗೋದ ಡಾಕ್ಟರುಗಳು 2002ರಲ್ಲಿ, ಸೇದದ ಅಸ್ತಮಾ ರೋಗಿಗಳಿಗೆ ಸ್ಟೆರಾಯ್ಡ್ ಇನ್‌ಹೇಲರಿನಿಂದ ಗುಣವಾಗುವುದು, ಸೇದುವವರಿಗೆ ಆಗದಿರುವುದನ್ನು ತೋರಿಸಿದರು. ಮರುವರ್ಷ 40 ಮಿಲಿಗ್ರಾಂ ಗುಳಿಗೆಯಲ್ಲೂ ಅದೇ ಕತೆ. ಅಲ್ಲಿಯವರೆಗೆ ಬಹುತೇಕ ಅಸ್ತಮಾ ಔಷಧಿಗಳ ಪರೀಕ್ಷೆಗೆ ಸೇದುವವರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಅಮ್ಮ ಬೀಡಿ ಮುಟ್ಟಿದವಳಲ್ಲ. ಆದರೆ ಮೂವತ್ತು ವರ್ಷ ಹಸಿ ಸೌದೆಯ ಒಲೆಗೆ ಊದುಕೊಳವೆಯಲ್ಲಿ ಊದಿದವಳು. ಗ್ಲಾಸ್ಗೋ ವರದಿ ಓದುವಾಗ ಆ ಕಪ್ಪು ಅಡಿಗೆಮನೆಯ ಜಂತಿ ಕಣ್ಣ ಮುಂದೆ ಬಂತು. (ಕಿಣ್ವವನ್ನು ಮತ್ತೆ ಎಬ್ಬಿಸಲು ಹಳೆಯ ಥಿಯೋಫಿಲಿನ್ ಗುಳಿಗೆಯನ್ನು ಸಣ್ಣ ಡೋಸಿನಲ್ಲಿ ಕೊಡುವ ಸುಂದರ ಯೋಚನೆಯೊಂದಿತ್ತು. ಸಿಗರೇಟಿನಿಂದ ಶ್ವಾಸಕೋಶ ಹಾಳಾದವರ ಮೇಲೆ ಬ್ರಿಟನ್ನಿನಲ್ಲಿ ದೊಡ್ಡದಾಗಿ ಪರೀಕ್ಷಿಸಿದಾಗ, 2018ರಲ್ಲಿ, ಅದು ಕೈಕೊಟ್ಟಿತು.)

ಈಗ ಮತ್ತೆ ಕಫಕ್ಕೆ ಬರೋಣ. ಮಾರೋ ಬ್ರೌನನ ಗಾಜಿನ ಚೂರನ್ನು ಧೂಳು ಒರೆಸಿ ಮತ್ತೆ ಎತ್ತಿಕೊಂಡವರು ಕೆನಡಾದ ಹ್ಯಾಮಿಲ್ಟನ್ನಿನ ಫ್ರೆಡಿ ಹಾರ್ಗ್ರೀವ್ ಮತ್ತು ಅವರ ಶಿಷ್ಯರು. ಕಫ ತಾನಾಗಿ ಬರದವರಿಗೆ ಗಾಢ ಉಪ್ಪುನೀರಿನ ಹಬೆ ಕೊಟ್ಟು ಕೆಮ್ಮಿಸಿ ಕಫ ತೆಗೆಯುವ ವಿಧಾನವನ್ನು 1992ರಲ್ಲಿ ವಿವರಿಸಿದರು. ಇದರಿಂದ ಯಾರ ಶ್ವಾಸನಾಳದಲ್ಲಿ ಯಾವ ಕಣವಿದೆ ಎಂದು ಲೆಕ್ಕ ಹಾಕುವುದು ಸಾಧ್ಯವಾಯಿತು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಇಯಾನ್ ಪೇವರ್ಡ್ ಮತ್ತು ಸಂಗಡಿಗರು 1999ರಲ್ಲಿ, ಇಯೊಸಿನೊಫಿಲ್ ಇಲ್ಲದ, ಸ್ಟೆರಾಯ್ಡಿಗೆ ಬಗ್ಗದ ಅಸ್ತಮಾ ಎಂಬುದೊಂದಿದೆ ಎಂದು ಬರೆದರು. ಅಂಥವರಲ್ಲಿ ಹಲವರ ಕಫದಲ್ಲಿ ನ್ಯೂಟ್ರೊಫಿಲ್ ಎಂಬ ಬೇರೆ ಬಿಳಿ ಕಣ ತುಂಬಿರುತ್ತದೆ. ಸ್ಟೆರಾಯ್ಡ್ ಇಯೊಸಿನೊಫಿಲ್ಲನ್ನು ಬೇಗ ಸಾಯಿಸುತ್ತದೆ, ನ್ಯೂಟ್ರೊಫಿಲ್ಲಿನ ಆಯುಷ್ಯವನ್ನು ಮಾತ್ರ ಹೆಚ್ಚಿಸುತ್ತದೆ! ಒಬ್ಬರ ಮನೆಯ ಬೆಕ್ಕು ಇಲಿ ಹಿಡಿದರೆ ಇನ್ನೊಬ್ಬರ ಮನೆಯಲ್ಲಿ ಇಲಿಗೇ ಹಾಲು ಹಾಕಿದ ಹಾಗಾಯಿತು.

ಲೆಸ್ಟರಿನವರದ್ದೇ 2002ರ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. 74 ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಕೆಮ್ಮು, ದಮ್ಮು ಕೇಳಿ ಔಷಧಿ. ಇನ್ನೊಂದಕ್ಕೆ ಕಫದ ಇಯೊಸಿನೊಫಿಲ್ ಎಣಿಸಿ, ಅದು ಏರಿದರೆ ಸ್ಟೆರಾಯ್ಡ್ ಏರಿಸಿ, ಇಳಿದರೆ ಇಳಿಸುವುದು. ಒಂದು ವರ್ಷದಲ್ಲಿ ಮೊದಲ ಗುಂಪಿಗೆ ತೀವ್ರ ಉಬ್ಬಸ ಬಂದಿದ್ದು 109 ಸಲ, ಕಫ ನೋಡಿದ ಗುಂಪಿಗೆ 35 ಸಲ. ಒಟ್ಟು ಸ್ಟೆರಾಯ್ಡ್ ಎರಡೂ ಗುಂಪಿಗೆ ಹೆಚ್ಚುಕಮ್ಮಿ ಅಷ್ಟೇ ಖರ್ಚಾಗಿತ್ತು. ಬೇಕಾದವರಿಗೆ ಹೋಗಿತ್ತು, ಬೇಡದವರಿಗೆ ತಪ್ಪಿತ್ತು.

ಇಷ್ಟಾದ ಮೇಲೂ 1956ರ ತಪ್ಪು ಇನ್ನೊಂದು ಸಲ ನಡೆಯಿತು ಅಂದರೆ ನಂಬುತ್ತೀರಾ? ಗುಳಿಗೆಗೂ ಬಗ್ಗದೆ ಇಯೊಸಿನೊಫಿಲ್ ತುಂಬಿಕೊಂಡೇ ಇರುವ ಕೆಲವರಿದ್ದಾರೆ, ಅಮ್ಮನಿಗಿಂತ ಬೇರೆ ಜಾತಿಯ ಕಾಯಿಲೆ ಅದು. ಇಯೊಸಿನೊಫಿಲ್ ಬದುಕುವುದು ಇಂಟರ್‌ಲ್ಯೂಕಿನ್-5 ಎಂಬ ಸಂದೇಶದ ಆಸರೆಯಲ್ಲಿ. ಅದನ್ನು ಹಿಡಿದುಹಾಕುವ ಮೆಪೊಲಿಜುಮ್ಯಾಬ್ ಎಂಬ ಚುಚ್ಚುಮದ್ದು ಬಂತು. 2000ದಲ್ಲಿ ಸಣ್ಣ ಪರೀಕ್ಷೆ, ಇಯೊಸಿನೊಫಿಲ್ ಇಳಿಯಿತು, ಉಸಿರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ 362 ಜನರ ಮೇಲಿನ ದೊಡ್ಡ ಪರೀಕ್ಷೆ, ಮತ್ತೆ ಲಾಭವಿಲ್ಲ. ಔಷಧಿಯ ಕತೆ ಮುಗಿಯಿತು ಎಂದರು. ಯಾಕೆಂದರೆ ಕಫದಲ್ಲಿ ಇಯೊಸಿನೊಫಿಲ್ ಇದೆಯೇ ಎಂದು ನೋಡಿ ರೋಗಿಗಳನ್ನು ಆರಿಸಿರಲೇ ಇಲ್ಲ! 2009ರ ಮಾರ್ಚಿನಲ್ಲಿ ಲೆಸ್ಟರಿನ ಪ್ರಣಬ್ ಹಾಲ್ದಾರ್ ಮತ್ತು ಹ್ಯಾಮಿಲ್ಟನ್ನಿನ ಪರಮೇಶ್ವರನ್ ನಾಯರ್ ಅವರ ಎರಡು ಗುಂಪುಗಳು ನ್ಯೂ ಇಂಗ್ಲೆಂಡ್ ಜರ್ನಲ್ಲಿನ ಒಂದೇ ಸಂಚಿಕೆಯಲ್ಲಿ ಬರೆದವು. ಒಂದರಲ್ಲಿ 61 ರೋಗಿಗಳು, ಇನ್ನೊಂದರಲ್ಲಿ ಬರೀ 20. ಎಲ್ಲರೂ ಇಯೊಸಿನೊಫಿಲ್ ಇದ್ದವರೇ. ಉಬ್ಬಸದ ಹೊಡೆತಗಳು ಕಡಿಮೆಯಾದವು, ಗುಳಿಗೆಯ ಡೋಸು ಇಳಿಸಲು ಆಯಿತು. 362 ಜನ ಹೇಳಲಾಗದ್ದನ್ನು 20 ಜನ ಹೇಳಿದರು. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು.

ಮಾರೋ ಬ್ರೌನ್ ಇದರಲ್ಲಿ ಬಹಳಷ್ಟನ್ನು ನೋಡಲು ಬದುಕಿದ್ದ, ಪರವಾನಗಿಯನ್ನು ಮಾತ್ರ ನೋಡಲಿಲ್ಲ. ತೀರಿಕೊಂಡಿದ್ದು 2013ರಲ್ಲಿ, ತೊಂಬತ್ತು ದಾಟಿದ ಮೇಲೆ.

ನ್ಯೂಟ್ರೊಫಿಲ್ಲಿನವರಿಗೆ, ಯಾವ ಕಣವೂ ಹೆಚ್ಚಿಲ್ಲದವರಿಗೆ ಇಷ್ಟು ಒಳ್ಳೆಯ ಸುದ್ದಿ ಇನ್ನೂ ಬಂದಿಲ್ಲ. ಆಸ್ಟ್ರೇಲಿಯಾದವರು 420 ಜನರಿಗೆ ವಾರಕ್ಕೆ ಮೂರು ದಿನ ಅಜಿಥ್ರೊಮೈಸಿನ್ ಕೊಟ್ಟು ಹೊಡೆತಗಳು ಕಡಿಮೆಯಾಗಿದ್ದನ್ನು 2017ರಲ್ಲಿ ತೋರಿಸಿದರು, ಇಯೊಸಿನೊಫಿಲ್ ಇದ್ದವರಲ್ಲೂ ಇಲ್ಲದವರಲ್ಲೂ. ಅಂಥವರ ಸಂಖ್ಯೆ ಕಡಿಮೆಯೇನಲ್ಲ. 2019ರಲ್ಲಿ ಅಮೆರಿಕದ ಒಂದು ಪರೀಕ್ಷೆಯಲ್ಲಿ ಸಣ್ಣ ಪ್ರಮಾಣದ ಅಸ್ತಮಾ ಇದ್ದ 295 ಜನರ ಕಫ ನೋಡಿದಾಗ ನೂರಕ್ಕೆ 73 ಜನರಲ್ಲಿ ಇಯೊಸಿನೊಫಿಲ್ ಕಡಿಮೆ ಇತ್ತು. ಆ 73ರವರಿಗೆ ಸ್ಟೆರಾಯ್ಡ್ ಇನ್‌ಹೇಲರು ಬರೀ ಗಾಳಿಗಿಂತ ಹೆಚ್ಚಿನ ವ್ಯತ್ಯಾಸ ಮಾಡಲಿಲ್ಲ.

ಇದನ್ನು ಓದಿ ಯಾರೂ ನಾಳೆ ಬೆಳಿಗ್ಗೆ ಗುಳಿಗೆ ನಿಲ್ಲಿಸಬೇಡಿ, ದಯವಿಟ್ಟು. ತಿಂಗಳುಗಟ್ಟಲೆ ಸ್ಟೆರಾಯ್ಡ್ ತಗೊಂಡವರ ಅಡ್ರಿನಲ್ ಗ್ರಂಥಿ ನಿದ್ದೆ ಹೋಗಿರುತ್ತದೆ, ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಬಹಳ ಜನ ಅಸ್ತಮಾ ರೋಗಿಗಳನ್ನು ಬದುಕಿಸಿರುವುದೂ ಅದೇ ಸ್ಟೆರಾಯ್ಡ್.

ಅಮ್ಮನ ಕಫ ನೋಡಿದ್ದು 2011ರಲ್ಲಿ, ಬೆಂಗಳೂರಿನಲ್ಲಿ. ಉಪ್ಪುನೀರಿನ ಹಬೆ ಎಳೆದು ಕೆಮ್ಮುವಾಗ, "ಇಷ್ಟು ವರ್ಷ ಉಗುಳಿದ್ದನ್ನ ಯಾರೂ ಕೇಳಲಿಲ್ಲ, ಈಗ ದುಡ್ಡು ಕೊಟ್ಟು ಉಗುಳಬೇಕು" ಎಂದಳು. ಇಯೊಸಿನೊಫಿಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಡಾಕ್ಟರಮ್ಮ ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡು, ಅರ್ಧರ್ಧ ಗುಳಿಗೆಯಾಗಿ ಇಳಿಸಿದರು. ಶ್ವಾಸನಾಳ ಹಿಗ್ಗಿಸುವ ಬೇರೊಂದು ಪುಡಿ ಕೊಟ್ಟರು, ಊರಿನ ಮನೆಗೆ ಗ್ಯಾಸು ಬಂತು. ದಮ್ಮು ವಾಸಿಯಾಯಿತು ಅಂತಲ್ಲ. ಗುಳಿಗೆ ಇದ್ದಾಗ ಎಷ್ಟಿತ್ತೋ ಬಿಟ್ಟ ಮೇಲೂ ಅಷ್ಟೇ ಇತ್ತು, ಸ್ವಲ್ಪ ಕಡಿಮೆಯೇ. ಸಕ್ಕರೆ ಇಳಿಯಿತು. ಮುಖ ಮೆಲ್ಲಮೆಲ್ಲಗೆ ಹಳೆಯ ಫೋಟೋದ ಮುಖವಾಯಿತು. ಸವೆದ ಮೂಳೆ ಮಾತ್ರ ಹಿಂದಕ್ಕೆ ಬರಲಿಲ್ಲ, ಬೆನ್ನು ಬಾಗಿಯೇ ಉಳಿಯಿತು.

2017ರಲ್ಲಿ ಅಮ್ಮ ಹೋದಳು, ದಮ್ಮಿನಿಂದ ಅಲ್ಲ, ಪಾರ್ಶ್ವವಾಯುವಿನಿಂದ. ಅವಳ ಕಪಾಟು ತೆಗೆದಾಗ ಆ ಬೌರ್ನ್‌ವಿಟಾ ಡಬ್ಬಿ ಸಿಕ್ಕಿತು. ಒಳಗೆ ಗುಂಡಿ, ಸೂಜಿ, ದಾರ. ಅಡಿಯಲ್ಲಿ ನಾಲ್ಕಾಗಿ ಮಡಿಚಿದ ನನ್ನದೇ ಚೀಟಿ, 2003ರ ಹದಿನಾರು ತಾರೀಖು, ಮುಂದೆ ನನ್ನ ಅಕ್ಷರದಲ್ಲಿ ಗುಳಿಗೆಯ ಲೆಕ್ಕ. ಅದನ್ನು ಎಲ್ಲಿ ಬಿಸಾಡಿದ್ದೆನೋ ನನಗೆ ನೆನಪಿರಲಿಲ್ಲ. ಹದಿನೇಳನೆಯ ಸಾಲಿನಲ್ಲಿ ಅಮ್ಮನ ಅಕ್ಷರವಿತ್ತು. ನಾನು ವಾಪಸ್ಸು ಬೆಂಗಳೂರಿಗೆ ಹೊರಟ ದಿನದ ತಾರೀಖು ಬರೆದು, ಮುಂದೆ ಅವತ್ತಿನ ಲೆಕ್ಕವನ್ನೂ ಬರೆದಿಟ್ಟಿದ್ದಳು.